ಸಂಗಾತಿಗೆ ವಾಸಿಯಾಗದ ಕಾಯಿಲೆ: ಕಂಪನಿಯ ಗ್ರೂಪ್ ಇನ್ಶೂರೆನ್ಸ್, ಇಡಿಎಲ್‌ಐ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಕಡತಪಾಲಕ:
ಗಂಡನಿಗೋ ಹೆಂಡತಿಗೋ ನಾಲ್ಕನೇ ಹಂತದ ಕ್ಯಾನ್ಸರ್, ಎಎಲ್‌ಎಸ್ (ನರಗಳ ಕಾಯಿಲೆ), ಕೈಮೀರಿದ ಲಿವರ್ ಕಾಯಿಲೆ ಎಂದು ಗೊತ್ತಾದ ಮನೆಗಳಲ್ಲಿ ಬಹಳ ಬೇಗ ಬರುವ ಮಾತು, "ಇನ್ನು ಕೆಲಸ ಸಾಕು, ರಾಜೀನಾಮೆ ಕೊಟ್ಟು ಪಿಎಫ್ ತೆಗೆದು ಚಿಕಿತ್ಸೆಗೆ ಹಾಕೋಣ". ಕಾಯಿಲೆ ಬಿದ್ದವರೇ ಉದ್ಯೋಗಿಯಾಗಿದ್ದರೆ ಆ ಪತ್ರಕ್ಕೆ ಸಹಿ ಬೀಳುವ ಮುಂಚೆ ಎರಡು ವಿಷಯ ತಿಳಿದಿರಲಿ.

ಒಂದು, ಪಿಎಫ್ ಕಟ್ಟುವ ಪ್ರತಿ ಉದ್ಯೋಗಿಗೂ 1976ರ ಇಡಿಎಲ್‌ಐ ಯೋಜನೆಯಲ್ಲಿ ಜೀವವಿಮೆ ಇದೆ. ಪ್ರೀಮಿಯಂ ಪೂರ್ತಿ ಕಂಪನಿಯದ್ದು. ಸಂಬಳದ ಶೇ 0.5, ಮಿತಿ 15,000 ರೂಪಾಯಿ ಸಂಬಳಕ್ಕೆ, ಅಂದರೆ ತಿಂಗಳಿಗೆ ಹೆಚ್ಚೆಂದರೆ 75 ರೂಪಾಯಿ. ಸಂಬಳದ ಚೀಟಿಯಲ್ಲಿ ಕಡಿತವಾಗಿ ಕಾಣುವುದಿಲ್ಲ, ಅದಕ್ಕೇ ಬಹಳ ಜನಕ್ಕೆ ಇದೊಂದು ಇದೆ ಅನ್ನುವುದೇ ಗೊತ್ತಿಲ್ಲ. ಸೇವೆಯಲ್ಲಿದ್ದಾಗ ತೀರಿಕೊಂಡರೆ ಗರಿಷ್ಠ 7 ಲಕ್ಷ. ಸತತ ಹನ್ನೆರಡು ತಿಂಗಳ ಸೇವೆ ಇದ್ದವರಿಗೆ ಕನಿಷ್ಠ 2.5 ಲಕ್ಷ.

ಎರಡು, ಕಂಪನಿ ಬೇರೆಯಾಗಿ ಗ್ರೂಪ್ ಟರ್ಮ್ ಲೈಫ್ (ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ಜೀವವಿಮೆ) ಮಾಡಿಸಿದ್ದರೆ ಅದರ ಮೊತ್ತ ಸಾಮಾನ್ಯವಾಗಿ ವಾರ್ಷಿಕ ಸಂಬಳದ ಕೆಲವು ಪಟ್ಟು ಇರುತ್ತದೆ.

ಈ ಎರಡೂ ನಿಂತಿರುವುದು ಉದ್ಯೋಗಿಯ ಹೆಸರು ಹಾಜರಿ ಪಟ್ಟಿಯಲ್ಲಿ ಇದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ. ರಾಜೀನಾಮೆ ಅಂಗೀಕಾರವಾಗಿ ಕೊನೆಯ ದಿನ ಮುಗಿದ ಮರುದಿನ ತೀರಿಕೊಂಡರೂ ಇಡಿಎಲ್‌ಐ ಇಲ್ಲ. ಗೊತ್ತಿರುವವರು ವಿವರ ಸೇರಿಸಿ.

ಲೆಕ್ಕದಪುಸ್ತಕ:
ಇಡಿಎಲ್‌ಐ ಲೆಕ್ಕ ಬಿಡಿಸಿ ಹೇಳಬೇಕು, ಯಾಕೆಂದರೆ "ಪಿಎಫ್ ಮುಟ್ಟಲೇಬಾರದು" ಎಂಬ ಭಯವೂ ತಪ್ಪು.

ಸೂತ್ರ: ಕೊನೆಯ ಹನ್ನೆರಡು ತಿಂಗಳ ಸರಾಸರಿ ಸಂಬಳ (ಮೂಲ ವೇತನ ಮತ್ತು ತುಟ್ಟಿಭತ್ಯೆ, 15,000ಕ್ಕೆ ಮಿತಿ) ಗುಣಿಸು 35. ಇದಕ್ಕೆ ಅದೇ ಅವಧಿಯ ಪಿಎಫ್ ಸರಾಸರಿ ಬ್ಯಾಲೆನ್ಸ್‌ನ ಅರ್ಧ ಕೂಡಿಸಬೇಕು, ಅದಕ್ಕೆ ಮಿತಿ 1.75 ಲಕ್ಷ. 35 ಗುಣಿಸು 15,000 ಅಂದರೆ 5.25 ಲಕ್ಷ, ಜೊತೆಗೆ 1.75, ಒಟ್ಟು 7.

ಈಗ ಒಬ್ಬರ ಮೂಲ ವೇತನ 22,000, ಪಿಎಫ್ ಸರಾಸರಿ ಬ್ಯಾಲೆನ್ಸ್ 2.8 ಲಕ್ಷ ಅಂದುಕೊಳ್ಳಿ. 5.25 ಮತ್ತು 1.40 ಸೇರಿ 6.65 ಲಕ್ಷ. ಚಿಕಿತ್ಸೆಗೆಂದು ಫಾರ್ಮ್ 31ರಲ್ಲಿ 1 ಲಕ್ಷ ಮುಂಗಡ ತೆಗೆದು ನಾಲ್ಕು ತಿಂಗಳಾಗಿತ್ತು ಅನ್ನೋಣ. ಎಂಟು ತಿಂಗಳು 2.8, ನಾಲ್ಕು ತಿಂಗಳು 1.8, ಸರಾಸರಿ ಸುಮಾರು 2.47 ಲಕ್ಷ. ಅರ್ಧ 1.23. ಅಂದರೆ 1 ಲಕ್ಷ ಕೈಗೆ ಬಂತು, ವಿಮೆಯಲ್ಲಿ ಕಡಿಮೆಯಾಗಿದ್ದು ಹದಿನೇಳು ಸಾವಿರದ ಆಸುಪಾಸು. ಅದೇ ರಾಜೀನಾಮೆ ಕೊಟ್ಟು ಪೂರ್ತಿ ತೆಗೆದಿದ್ದರೆ 6.65 ಲಕ್ಷವೂ ಹೋಗುತ್ತಿತ್ತು.

ಸರಾಸರಿ ಬ್ಯಾಲೆನ್ಸ್ 3.5 ಲಕ್ಷಕ್ಕಿಂತ ಮೇಲಿದ್ದರೆ ಮುಂಗಡ ತೆಗೆದ ಮೇಲೂ ಅದು 3.5ರ ಕೆಳಗೆ ಬರದಿದ್ದಲ್ಲಿ ನಷ್ಟ ಸೊನ್ನೆ. ಹಾಗಾಗಿ ಹಣ ಬೇಕೇ ಬೇಕಾದರೆ ಕೆಲಸದಲ್ಲಿದ್ದುಕೊಂಡೇ ಕಾಯಿಲೆ ಕಾರಣದ ಮುಂಗಡ ತೆಗೆಯಿರಿ. ಫೈನಲ್ ಸೆಟಲ್‌ಮೆಂಟ್ ಅರ್ಜಿ ಬೇಡ.

ಶಾಲಿನಿ_ಪ್ರಶ್ನೆ:
ರಜೆ ಎಲ್ಲ ಮುಗಿದು ಲಾಸ್ ಆಫ್ ಪೇ ಶುರುವಾದರೆ? ಸಂಬಳವೇ ಇಲ್ಲ ಅಂದಮೇಲೆ ಪಿಎಫ್ ಕಟ್ಟುವುದೂ ಇಲ್ಲ. ಆಗ ಇಡಿಎಲ್‌ಐ ನಿಂತುಹೋಗುತ್ತದಾ?

ಕಡತಪಾಲಕ:
ಮೇಡಂ, ಇದೇ ಮುಖ್ಯ ಪ್ರಶ್ನೆ. 2025ರ ಜುಲೈ ತಿದ್ದುಪಡಿ ಬರುವ ತನಕ ಇಲ್ಲಿ ಬಹಳ ಕ್ಲೇಮುಗಳು ಬೀಳುತ್ತಿದ್ದವು. ಈಗ ಕೊನೆಯ ವಂತಿಗೆ ಜಮೆಯಾದ ಆರು ತಿಂಗಳೊಳಗೆ ಸಾವು ಸಂಭವಿಸಿ, ಹೆಸರು ಕಂಪನಿಯ ಪಟ್ಟಿಯಿಂದ ತೆಗೆಯದೇ ಇದ್ದರೆ ಇಡಿಎಲ್‌ಐ ಸಿಗುತ್ತದೆ. ಎರಡು ಷರತ್ತೂ ಒಟ್ಟಿಗೆ ಇರಬೇಕು. ಅದೇ ತಿದ್ದುಪಡಿಯಲ್ಲಿ ಎರಡು ಕೆಲಸಗಳ ನಡುವಿನ ಎರಡು ತಿಂಗಳವರೆಗಿನ ಅಂತರವನ್ನು ಸತತ ಸೇವೆ ಎಂದೇ ಎಣಿಸುತ್ತಾರೆ, ಒಂದು ವರ್ಷ ತುಂಬದವರಿಗೂ ಕನಿಷ್ಠ 50,000 ಇದೆ.

ಹೀಗಾಗಿ ಲೆಕ್ಕ ಇಡಬೇಕಾದದ್ದು ಕೊನೆಯ ವಂತಿಗೆಯ ತಿಂಗಳು. ಪಾಸ್‌ಬುಕ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಗಳಿಕೆ ರಜೆಯನ್ನು ಒಂದೇ ಸಲ ಮುಗಿಸುವ ಬದಲು ಕಂಪನಿಯ ರಜೆ ನಿಯಮ ಒಪ್ಪುವುದಾದರೆ ಕೆಲವು ದಿನ ಉಳಿಸಿಕೊಂಡು, ನಡುನಡುವೆ ಸಂಬಳ ಬರುವ ಹಾಗೆ ಹಂಚಿ ಹಾಕಿ. ಸಂಬಳ ಬಂದ ತಿಂಗಳು ವಂತಿಗೆಯೂ ಬೀಳುತ್ತದೆ, ಆರು ತಿಂಗಳ ಎಣಿಕೆ ಮತ್ತೆ ಮೊದಲಿಂದ ಶುರು.

ಲೆಕ್ಕದಪುಸ್ತಕ:
ಕ್ಲೇಮು ಉಳಿದರೂ ಮೊತ್ತ ಇಳಿಯುತ್ತದೆ, ಅದನ್ನೂ ನೆನಪಿಡಿ. 12,000 ಸಂಬಳದವರು ನಾಲ್ಕು ತಿಂಗಳು ಸಂಬಳವಿಲ್ಲದೆ ಇದ್ದರೆ ಎಂಟು ತಿಂಗಳ ಸಂಬಳವನ್ನು ಹನ್ನೆರಡರಿಂದ ಭಾಗಿಸಿದಾಗ ಸರಾಸರಿ 8,000. 35 ಪಟ್ಟು 4.2 ಲಕ್ಷ ಆಗಬೇಕಿದ್ದದ್ದು 2.8 ಆಗುತ್ತದೆ.

ಅರ್ಧ ಸಂಬಳದ ರಜೆ ಇರುವ ಕಡೆ ಇದಕ್ಕೆ ಒಳ್ಳೆಯ ದಾರಿ ಇದೆ. ಮೂಲ ವೇತನ 32,000 ಇದ್ದವರಿಗೆ ಅರ್ಧ ಅಂದರೂ 16,000, ಮಿತಿಗಿಂತ ಮೇಲೇ. ಇಡಿಎಲ್‌ಐ ಸೂತ್ರದ ಸಂಬಳದ ಭಾಗ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಕೆಲಸದ ಹೊರೆ ಇಳಿಸಿಕೊಂಡು ಮನೆಯಿಂದಲೇ ಅರ್ಧ ದಿನದ ಕೆಲಸ ಕೇಳಿ ಒಪ್ಪಿಸಿದರೂ ಇದೇ ಫಲ.

ಗ್ರೂಪ್‌ಲೈಫ್_ಡೆಸ್ಕ್:
ಇಡಿಎಲ್‌ಐ ಕಾನೂನಿನದ್ದು, ಅದರ ನಿಯಮ ಎಲ್ಲರಿಗೂ ಒಂದೇ. ಗ್ರೂಪ್ ಟರ್ಮ್ ಹಾಗಲ್ಲ. ಅದು ಕಂಪನಿ ಮತ್ತು ವಿಮಾ ಕಂಪನಿ ನಡುವಿನ ಒಪ್ಪಂದ, ಉದ್ಯೋಗಿ ಅದರಲ್ಲಿ ಸದಸ್ಯ ಮಾತ್ರ. ಎಚ್‌ಆರ್ ಕೊಡುವ ಬೆನಿಫಿಟ್ ಪುಸ್ತಿಕೆಯಲ್ಲಿ ಬರೆದಿರುವುದು ಜಾಹೀರಾತು ಅಂತಲೇ ತಿಳಿಯಿರಿ. ನಡೆಯುವುದು ಮಾಸ್ಟರ್ ಪಾಲಿಸಿಯ, ಅಂದರೆ ಆ ಮೂಲ ಒಪ್ಪಂದದ ಮಾತು.

ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಏನು ಕೇಳಬೇಕು ಅಂದರೆ: ನನ್ನ ಹೆಸರಿನ ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಕಳಿಸಿ. ಪಾಲಿಸಿ ನವೀಕರಣದ ದಿನಾಂಕ ಯಾವುದು. ಸಂಬಳವಿಲ್ಲದ ರಜೆಯಲ್ಲಿ ಎಷ್ಟು ದಿನ ಕವರ್ ಮುಂದುವರಿಯುತ್ತದೆ, ಆ ಷರತ್ತಿನ ಪಠ್ಯ ಕೊಡಿ. ನೋಟಿಸ್ ಅವಧಿಯಲ್ಲಿ ಕವರ್ ಇದೆಯೇ. ಟರ್ಮಿನಲ್ ಇಲ್‌ನೆಸ್ ಸೌಲಭ್ಯ ಇದೆಯೇ. ಕೆಲಸ ಬಿಟ್ಟರೆ ವೈಯಕ್ತಿಕ ಪಾಲಿಸಿಯಾಗಿ ಬದಲಿಸಿಕೊಳ್ಳಲು ಅವಕಾಶ ಇದೆಯೇ, ಇದ್ದರೆ ಎಷ್ಟು ದಿನದೊಳಗೆ. ಕೊನೆಯದು ನಮ್ಮಲ್ಲಿ ಬಹಳ ಪಾಲಿಸಿಗಳಲ್ಲಿ ಇರುವುದಿಲ್ಲ, ಇದೆ ಎಂದು ನಂಬಿ ರಾಜೀನಾಮೆ ಕೊಡಬೇಡಿ.

ಇನ್ನು ನವೀಕರಣದ ದಿನ. ಇವು ವರ್ಷಕ್ಕೊಮ್ಮೆ ನವೀಕರಿಸುವ ಪಾಲಿಸಿಗಳು. ಕಡಿಮೆ ಪ್ರೀಮಿಯಂ ಸಿಕ್ಕಿತೆಂದು ಕಂಪನಿ ವಿಮಾ ಸಂಸ್ಥೆಯನ್ನೇ ಬದಲಿಸಬಹುದು. ಹೊಸಬರು ಹಾಕುವ ಷರತ್ತು "ಆ್ಯಕ್ಟಿವ್ಲಿ ಅಟ್ ವರ್ಕ್", ಅಂದರೆ ಕವರ್ ಶುರುವಾಗುವ ದಿನ ಉದ್ಯೋಗಿ ಮಾಮೂಲಿನಂತೆ ಕರ್ತವ್ಯದಲ್ಲಿರಬೇಕು. ಆಸ್ಪತ್ರೆಯಲ್ಲಿದ್ದವರು, ದೀರ್ಘ ರಜೆಯಲ್ಲಿದ್ದವರು ಇಲ್ಲಿ ಸದ್ದಿಲ್ಲದೆ ಹೊರಗುಳಿಯುತ್ತಾರೆ. ಕಾಯಿಲೆಯ ಮನೆಯವರು ನವೀಕರಣಕ್ಕೆ ಎರಡು ತಿಂಗಳು ಮುಂಚೆಯೇ ಎಚ್‌ಆರ್‌ಗೆ ಬರೆಯಬೇಕು: ವಿಮಾ ಕಂಪನಿ ಬದಲಾದರೆ ಈಗಿನ ಸದಸ್ಯರೆಲ್ಲರನ್ನೂ, ರಜೆಯಲ್ಲಿರುವವರನ್ನೂ ಸೇರಿಸಿ, ಈಗಿನ ಮೊತ್ತಕ್ಕೇ ಮುಂದುವರಿಸುವ ಷರತ್ತನ್ನು ಕೊಟೇಶನ್ ಕೇಳುವಾಗಲೇ ಹಾಕಿಸಿ. ಗುಂಪು ದೊಡ್ಡದಿದ್ದರೆ ವಿಮಾ ಕಂಪನಿಗಳು ಇದಕ್ಕೆ ಒಪ್ಪುತ್ತವೆ. ಪಾಲಿಸಿ ಸಹಿಯಾದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ.

ವಿನಯ್_ಕೇಳುಗ:
ಟರ್ಮಿನಲ್ ಇಲ್‌ನೆಸ್ ಸೌಲಭ್ಯ ಇದ್ದರೆ ಈಗಲೇ ತೆಗೆದುಕೊಳ್ಳುವುದು ಒಳ್ಳೆಯದಾ, ಬಿಡುವುದಾ?

ಗ್ರೂಪ್‌ಲೈಫ್_ಡೆಸ್ಕ್:
ಸರ್, ಅದು ಬಹುಪಾಲು ಪಾಲಿಸಿಗಳಲ್ಲಿ ಹೆಚ್ಚುವರಿ ಹಣ ಅಲ್ಲ, ಸಾವಿನ ಮೊತ್ತವನ್ನೇ ಮುಂಚಿತವಾಗಿ ಕೊಡುವುದು. ಕೊಟ್ಟಷ್ಟು ನಂತರದ ಮೊತ್ತದಲ್ಲಿ ಕಳೆಯುತ್ತಾರೆ. ಆರು ತಿಂಗಳೊಳಗೆ ಸಾವು ಸಂಭವಿಸಬಹುದು ಎಂದು ತಜ್ಞ ವೈದ್ಯರು ಬರೆದುಕೊಡಬೇಕು, ಸಾಮಾನ್ಯವಾಗಿ ಇಬ್ಬರು, ಕೆಲವೊಮ್ಮೆ ವಿಮಾ ಕಂಪನಿ ತನ್ನ ವೈದ್ಯರಿಂದಲೂ ನೋಡಿಸುತ್ತದೆ. "ರೋಗ ಮುಂದುವರಿದ ಹಂತದಲ್ಲಿದೆ" ಎಂಬ ಬರಹ ಸಾಲದು, ಅವಧಿಯ ಮಾತು ಸ್ಪಷ್ಟವಾಗಿ ಇರಬೇಕು. ಬಹಳಷ್ಟು ಅರ್ಜಿಗಳು ವಾಪಸ್ಸಾಗುವುದು ಇದೊಂದೇ ಕಾರಣಕ್ಕೆ.

ನನ್ನ ಅಭಿಪ್ರಾಯ: ಕೆಲಸದಲ್ಲಿ ಹೆಸರು ಉಳಿಯುವುದು ಅನುಮಾನ ಅನ್ನಿಸಿದರೆ, ಅಥವಾ ನವೀಕರಣದಲ್ಲಿ ಕವರ್ ಹೋಗುವ ಸಾಧ್ಯತೆ ಇದ್ದರೆ, ತೆಗೆದುಕೊಳ್ಳಿ. ಕೈಗೆ ಬಂದದ್ದನ್ನು ನವೀಕರಣ ಕಸಿಯಲಾರದು. ಕೆಲಸ ಭದ್ರವಾಗಿದ್ದು ಚಿಕಿತ್ಸೆಯ ಖರ್ಚು ಮೆಡಿಕ್ಲೇಮಿನಲ್ಲಿ ಸಾಗುತ್ತಿದ್ದರೆ ಹಾಗೇ ಬಿಡಿ, ಪೂರ್ತಿ ಮೊತ್ತ ನಾಮಿನಿಗೆ ಬರಲಿ.

ಕ್ರಿಟಿಕಲ್ ಇಲ್‌ನೆಸ್ ರೈಡರ್ (ಗಂಭೀರ ಕಾಯಿಲೆಗೆಂದು ಪಾಲಿಸಿಗೆ ಸೇರಿಸುವ ಕವರ್) ಬೇರೆ. ಅದು ರೋಗನಿರ್ಣಯಕ್ಕೆ ಕೊಡುವ ಹಣ, ಸಾಮಾನ್ಯವಾಗಿ ರೋಗ ಪತ್ತೆಯಾದ ಮೇಲೆ 30 ದಿನ ಬದುಕಿರಬೇಕು. ಅದಿದ್ದರೆ ತಡಮಾಡದೆ ಅರ್ಜಿ ಹಾಕಿ.

ಸುಮತಿ_ಎಚ್‌ಆರ್:
ಎಚ್‌ಆರ್ ಕಡೆಯಿಂದ ಎರಡು ಮಾತು. ಕಂಪನಿ "ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ" ಅಂತ ಮೂರು ತಿಂಗಳ ಸಂಬಳ ಮುಂದಿಟ್ಟರೆ ಆ ದಿನವೇ ಸಹಿ ಹಾಕಬೇಡಿ. ಮೂರು ತಿಂಗಳ ಸಂಬಳದ ಎದುರು ಹೋಗುವುದು ಗ್ರೂಪ್ ಟರ್ಮ್, ಇಡಿಎಲ್‌ಐ, ಮೆಡಿಕ್ಲೇಮ್ ಮೂರೂ. ಬಿಡುವುದು ಅನಿವಾರ್ಯ ಅಂತಾದರೆ ಸಂಬಳದ ಬದಲು ಕೊನೆಯ ದಿನಾಂಕವನ್ನೇ ಮುಂದಕ್ಕೆ ಹಾಕಿಸಿ, ಪಟ್ಟಿಯಲ್ಲಿ ಹೆಸರು ಇರಿಸಿ ಎಂದು ಕೇಳಿ. ಕಂಪನಿಗೆ ಖರ್ಚು ಹೆಚ್ಚುಕಡಿಮೆ ಅಷ್ಟೇ, ಮನೆಗೆ ವ್ಯತ್ಯಾಸ ಲಕ್ಷಗಳಲ್ಲಿ.

ನಿರಂತರ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಹಳೆಯ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು ರಿಟ್ರೆಂಚ್‌ಮೆಂಟ್ (ಹುದ್ದೆ ಕಡಿತ) ಅನ್ನಿಸಿಕೊಳ್ಳುತ್ತಿರಲಿಲ್ಲ, ಆ ಪರಿಹಾರ ಸಿಗುತ್ತಿರಲಿಲ್ಲ. ಏನೇ ಇರಲಿ, ಅನುಮತಿಯಿಲ್ಲದ ಗೈರುಹಾಜರಿ ಒಂದು ದಿನವೂ ಬೀಳದಂತೆ ನೋಡಿಕೊಳ್ಳಿ. ಪ್ರತಿ ರಜೆಗೂ ಅರ್ಜಿ, ವೈದ್ಯರ ಪತ್ರ, ಮಂಜೂರಾದ ಉತ್ತರ, ಮೂರೂ ವೈಯಕ್ತಿಕ ಇಮೇಲ್‌ನಲ್ಲಿ ಉಳಿಯಲಿ. ಆಫೀಸ್ ಇಮೇಲ್ ಯಾವಾಗ ಬಂದ್ ಆಗುತ್ತದೆ ಹೇಳಲಾಗದು.

ಇಎಸ್‌ಐ_ಓದುಗ:
ಸಂಬಳ 21,000ದ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಕಾನೂನಿನ ಬೆಂಬಲ ಹೆಚ್ಚು. ಸಾಮಾನ್ಯ ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನ, ಸಂಬಳದ ಶೇ 70. ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳಿಗೆ ವಿಸ್ತರಿತ ಭತ್ಯೆ ಶೇ 80, ಗರಿಷ್ಠ ಎರಡು ವರ್ಷದವರೆಗೆ. ಇದಕ್ಕೆ ಎರಡು ವರ್ಷದ ಸತತ ಕೆಲಸ, ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇರಬೇಕು. ಭತ್ಯೆ ಪಡೆಯುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಹೇಳುತ್ತಿತ್ತು. ಹೆಸರು ಪಟ್ಟಿಯಲ್ಲಿ ಉಳಿಸುವ ದೊಡ್ಡ ಆಸರೆ ಅದೇ ಆಗಿತ್ತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಏನಿದೆ ಎಂದು ಕೇಳಿಕೊಳ್ಳಿ. ಆದರೆ ಈ ಭತ್ಯೆ ಇಎಸ್‌ಐ ಕೊಡುವುದು, ಸಂಬಳವಲ್ಲ, ಅದರ ಮೇಲೆ ಪಿಎಫ್ ವಂತಿಗೆ ಬೀಳುವುದಿಲ್ಲ. ಮೇಲೆ ಹೇಳಿದ ಆರು ತಿಂಗಳ ಎಣಿಕೆ ಇಲ್ಲಿಯೂ ಓಡುತ್ತಿರುತ್ತದೆ.

ವಕೀಲರ_ಟಿಪ್ಪಣಿ:
ಸರ್ಕಾರಿ ಸಂಸ್ಥೆಗಳ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4) ಇದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಸಮಾನ ವೇತನದ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇರಿಸಿಕೊಳ್ಳಬೇಕು. ಕ್ಯಾನ್ಸರ್ ತಾನಾಗಿ ಆ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಅದರಿಂದ ಚಲನವೈಕಲ್ಯದಂಥದ್ದು ಉಂಟಾಗಿದ್ದರೆ ಪ್ರಮಾಣಪತ್ರ ಮಾಡಿಸಿ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ಸ್ ನೇರವಾಗಿ ಪಟ್ಟಿಯಲ್ಲಿವೆ.

ಕಡತಪಾಲಕ:
ನಾಮಿನೇಶನ್ ಬಗ್ಗೆ ವಿವರವಾಗಿ ಬರೆಯಲೇಬೇಕು. ಮೂರು ಕಡೆ ಮೂರು ಬೇರೆ ಬೇರೆ ನಾಮಿನೇಶನ್ ಇರುತ್ತವೆ. ಒಂದನ್ನು ಮಾಡಿದರೆ ಇನ್ನೊಂದು ಆಗುವುದಿಲ್ಲ.

ಪಿಎಫ್, ಇಡಿಎಲ್‌ಐಗೆ ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಶನ್. ಗ್ರಾಚ್ಯುಟಿಗೆ ಕಂಪನಿಯಲ್ಲಿ ಕೊಡುವ ನಾಮಿನೇಶನ್ ಫಾರ್ಮ್. ಗ್ರೂಪ್ ಟರ್ಮ್‌ಗೆ ಕಂಪನಿಯ ಬೆನಿಫಿಟ್ ಪೋರ್ಟಲ್ ಅಥವಾ ವಿಮಾ ಕಂಪನಿಯ ಫಾರ್ಮ್. ಮದುವೆಗೆ ಮುಂಚೆ, ಕುಟುಂಬ ಇಲ್ಲ ಎಂಬ ನೆಲೆಯಲ್ಲಿ ಪಿಎಫ್‌ಗೆ ಯಾರದೋ ಹೆಸರು ಬರೆದಿದ್ದರೆ ಮದುವೆಯಾದ ಕ್ಷಣ ಅದು ರದ್ದು. ಕುಟುಂಬ ಇದ್ದವರು ಕುಟುಂಬದವರನ್ನೇ ಬರೆಯಬೇಕು, ಅಣ್ಣ ತಮ್ಮ ಅಕ್ಕ ತಂಗಿ ಪಿಎಫ್ ಲೆಕ್ಕದಲ್ಲಿ ಕುಟುಂಬ ಅಲ್ಲ.

ಇ-ನಾಮಿನೇಶನ್ ಆಧಾರ್ ಇ-ಸೈನ್‌ನಿಂದ ಮುಗಿಯುತ್ತದೆ. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಆ ಸಿಮ್ ಚಾಲ್ತಿಯಲ್ಲಿದೆಯೇ ಇವತ್ತೇ ನೋಡಿ. ವಿವರ ತುಂಬಿ "ಸೇವ್" ಒತ್ತಿ ಬಿಟ್ಟವರು ಬಹಳ, ಇ-ಸೈನ್ ಆಗದಿದ್ದರೆ ಅದು ನಾಮಿನೇಶನ್ ಅಲ್ಲ. ಮುಗಿದ ಮೇಲೆ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ.

ಜೊತೆಗೆ ಹೆಸರು, ಜನ್ಮದಿನಾಂಕ ಆಧಾರ್, ಪಿಎಫ್, ಬ್ಯಾಂಕ್ ಮೂರರಲ್ಲೂ ಒಂದೇ ಇರಲಿ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಬಿಡಿಸಿ ಬರೆದದ್ದು, ಇದಕ್ಕೇ ಕ್ಲೇಮು ತಿಂಗಳುಗಟ್ಟಲೆ ನಿಲ್ಲುತ್ತದೆ. ಉದ್ಯೋಗಿ ಬದುಕಿದ್ದಾಗ ಜಂಟಿ ಘೋಷಣೆಯಲ್ಲಿ (ಉದ್ಯೋಗಿ, ಕಂಪನಿ ಸೇರಿ ಕೊಡುವ ತಿದ್ದುಪಡಿ ಅರ್ಜಿ) ತಿದ್ದುವುದು ಸುಲಭ. ನಂತರ ಕಷ್ಟ.

ವಕೀಲರ_ಟಿಪ್ಪಣಿ:
ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡಿದ್ದೇವೆ, ಸಾಕು ಅನ್ನುವವರಿಗೆ: ಅದು ಸಾವಿನೊಂದಿಗೆ ಮುಗಿಯುತ್ತದೆ. ಕ್ಲೇಮಿಗೆ ಕೆಲಸಕ್ಕೆ ಬಾರದು.

ಜೀವವಿಮೆಯಲ್ಲಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ 2015ರಿಂದ ವಿಮಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹಣ ಅವರದ್ದೇ ಆಗುತ್ತದೆ. ಬೇರೆಯವರ ಹೆಸರಿದ್ದರೆ ಅವರು ಹಣ ಪಡೆದು ವಾರಸುದಾರರಿಗೆ ಕೊಡಬೇಕಾದವರು ಅಷ್ಟೇ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ರಕ್ಷಣೆ (ವಿಮೆಯ ಹಣ ಹೆಂಡತಿ ಮಕ್ಕಳಿಗೇ ಮೀಸಲು) ವೈಯಕ್ತಿಕ ಪಾಲಿಸಿ ಮಾಡಿಸುವಾಗಲೇ ಹಾಕಿಸಬೇಕಾದದ್ದು, ಕಂಪನಿಯ ಗ್ರೂಪ್ ಪಾಲಿಸಿಗೆ ಈಗ ಸೇರಿಸಲು ಬರುವುದಿಲ್ಲ.

ಶಾಲಿನಿ_ಪ್ರಶ್ನೆ:
ಉಲ್ಟಾ ಪರಿಸ್ಥಿತಿಯಲ್ಲಿ? ಕೆಲಸದಲ್ಲಿರುವವರು ಆರೋಗ್ಯವಾಗಿದ್ದಾರೆ, ಕಾಯಿಲೆ ಮನೆಯಲ್ಲಿರುವ ಸಂಗಾತಿಗೆ.

ಗ್ರೂಪ್‌ಲೈಫ್_ಡೆಸ್ಕ್:
ಅಲ್ಲಿ ಎರಡು ಕೆಲಸ ಇವೆ. ಕೆಲವು ಕಂಪನಿಗಳಲ್ಲಿ ಉದ್ಯೋಗಿ ತನ್ನ ಹಣದಿಂದ ಸಂಗಾತಿಗೂ ಜೀವವಿಮೆ ಸೇರಿಸಬಹುದು. ಸೇರಿಸಿದ್ದರೆ ಆ ಕವರ್ ಉದ್ಯೋಗಿಯ ಕೆಲಸಕ್ಕೆ ಕಟ್ಟಿದ್ದು. ನೋಡಿಕೊಳ್ಳಬೇಕೆಂದು ಆರೋಗ್ಯವಂತರು ರಾಜೀನಾಮೆ ಕೊಟ್ಟರೆ, ಅಥವಾ ಒಳ್ಳೆಯ ಸಂಬಳವೆಂದು ಬೇರೆ ಕಡೆ ಹೋದರೆ, ಕಾಯಿಲೆಯವರ ವಿಮೆ ಅವತ್ತೇ ನಿಲ್ಲುತ್ತದೆ. ಹೊಸ ಕಂಪನಿಯಲ್ಲಿ ಆರೋಗ್ಯ ಘೋಷಣೆ ದಾಟಲು ಆಗುವುದಿಲ್ಲ. ಹಾಗಾಗಿ ಇಂಥ ಸಮಯದಲ್ಲಿ ಕೆಲಸ ಬದಲಾವಣೆ ಮುಂದೂಡುವುದೇ ಮೇಲು.

ರೋಗ ಗೊತ್ತಾದ ಮೇಲೆ ಮುಂದಿನ ನೋಂದಣಿ ಸಮಯದಲ್ಲಿ ಮುಚ್ಚಿಟ್ಟು ಸೇರಿಸುವ ಯೋಚನೆ ಬೇಡ. ಕವರ್ ಶುರುವಾದ ಮೂರು ವರ್ಷದೊಳಗೆ ಸುಳ್ಳು ಹೇಳಿಕೆ ಹಿಡಿದರೆ ವಿಮಾ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಕ್ಲೇಮ್ ತಿರಸ್ಕರಿಸಬಹುದು, ಆಸ್ಪತ್ರೆಯ ದಾಖಲೆ ಅವರಿಗೆ ಸುಲಭವಾಗಿ ಸಿಗುತ್ತದೆ. ಫ್ರೀ ಕವರ್ ಲಿಮಿಟ್‌ನೊಳಗೆ ಯಾವ ಪ್ರಶ್ನೆಯನ್ನೂ ಕೇಳದೆ ಸೇರಿಸುವ ಯೋಜನೆ ಇದ್ದರೆ ಮಾತು ಬೇರೆ, ಅದನ್ನು ಧಾರಾಳವಾಗಿ ಬಳಸಿ.

ಎರಡನೆಯದು ಯಾರಿಗೂ ಹೊಳೆಯುವುದಿಲ್ಲ: ಆರೋಗ್ಯವಂತ ಉದ್ಯೋಗಿಯ ಎಲ್ಲ ಪಾಲಿಸಿಗಳಲ್ಲೂ ನಾಮಿನಿ ಆ ಕಾಯಿಲೆಯ ಸಂಗಾತಿಯೇ. ಅವರು ಮೊದಲು ತೀರಿಕೊಂಡರೆ ನಾಮಿನೇಶನ್ ಖಾಲಿ. ಮಕ್ಕಳು ಚಿಕ್ಕವರಿದ್ದರೆ ಅವರನ್ನು ನಾಮಿನಿ ಮಾಡಿ, ಹಣ ಪಡೆಯಲು ನಂಬಿಕೆಯ ಹಿರಿಯರೊಬ್ಬರನ್ನು ಅಪಾಯಿಂಟೀ ಎಂದು ಬರೆಸಿ. ಪಿಎಫ್‌ನಲ್ಲಿ ಅದೇ ಜಾಗದಲ್ಲಿ ಗಾರ್ಡಿಯನ್ ಹೆಸರು ಕೇಳುತ್ತಾರೆ. ಸಂಗಾತಿಗೆ ಒಂದು ಪಾಲು ಉಳಿಸಿ ಮಕ್ಕಳಿಗೆ ಉಳಿದದ್ದು ಅಂತ ಶೇಕಡಾವಾರು ಹಂಚುವುದಕ್ಕೂ ಅವಕಾಶ ಇದೆ, ಕಾಯಿಲೆಯವರ ಮನಸ್ಸಿಗೆ ನೋವಾಗದ ದಾರಿ ಅದು.

ಲೆಕ್ಕದಪುಸ್ತಕ:
ಪಿಂಚಣಿ ಮರೆಯಬೇಡಿ. ಇಪಿಎಸ್‌ಗೆ (ಪಿಎಫ್ ಜೊತೆಗಿನ ಪಿಂಚಣಿ ಯೋಜನೆ) ಒಂದೇ ತಿಂಗಳ ವಂತಿಗೆ ಬಿದ್ದಿದ್ದರೂ ಸೇವೆಯಲ್ಲಿ ತೀರಿಕೊಂಡವರ ಸಂಗಾತಿಗೆ ಪಿಂಚಣಿ ಇದೆ, ಕನಿಷ್ಠ ತಿಂಗಳಿಗೆ 1,000. ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ತಲಾ ಅದರ ಶೇ 25 ಪ್ರತ್ಯೇಕ. ಹತ್ತು ವರ್ಷ ತುಂಬದವರು ಫಾರ್ಮ್ 10ಸಿ ಹಾಕಿ ಇಪಿಎಸ್ ಹಣ ತೆಗೆದುಬಿಟ್ಟರೆ ಇದಷ್ಟೂ ಹೋಗುತ್ತದೆ. ಕೆಲಸ ಬಿಟ್ಟೇ ಆಗಿದ್ದರೆ ಹಣದ ಬದಲು ಪಿಂಚಣಿಯ ಸೇವಾವಧಿ ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ.

ಪೂರ್ಣ ಶಾಶ್ವತ ಅಂಗವೈಕಲ್ಯದ ಪಿಂಚಣಿಯೂ ಇದೆ, ಆದರೆ ಅದು ಕೆಲಸದಿಂದ ಹೊರಬಂದವರಿಗೆ. ಆಯಸ್ಸು ತಿಂಗಳುಗಳ ಲೆಕ್ಕದಲ್ಲಿ ಇದೆ ಎಂದು ವೈದ್ಯರು ಹೇಳಿದ್ದರೆ ಅದಕ್ಕಾಗಿ ಇಡಿಎಲ್‌ಐ ಬಿಡುವುದು ನಷ್ಟ. ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಸಾವಿನ ಸಂದರ್ಭದಲ್ಲಿ ಅನ್ವಯಿಸುವುದಿಲ್ಲ.

ವಿನಯ್_ಕೇಳುಗ:
ಕೊನೆಯ ದಿನಗಳು ಮನೆಯಲ್ಲೇ ಕಳೆಯಬೇಕು ಅಂತಿರುವವರಿಗೆ ದಾಖಲೆಯ ತೊಂದರೆ ಆಗುತ್ತದಾ?

ಕಡತಪಾಲಕ:
ಆಗಬಾರದು, ಸ್ವಲ್ಪ ಸಿದ್ಧತೆ ಬೇಕು. ಆಸ್ಪತ್ರೆಯಲ್ಲಿ ಸಾವಾದರೆ ಕಾರಣದ ಪ್ರಮಾಣಪತ್ರ ಫಾರ್ಮ್ 4. ಮನೆಯಲ್ಲಾದರೆ ಫಾರ್ಮ್ 4ಎ, ಅದನ್ನು ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರು ಕೊಡಬೇಕು, ಶುಲ್ಕವಿಲ್ಲದೆ. ಮನೆಗೆ ಕರೆತರುವ ಮೊದಲೇ ಯಾವ ವೈದ್ಯರು ಬಂದು ಬರೆದುಕೊಡುತ್ತಾರೆ ಎಂದು ಮಾತಾಡಿಟ್ಟುಕೊಳ್ಳಿ, ಉಪಶಾಮಕ ಆರೈಕೆಯ ವೈದ್ಯರಾದರೆ ಅವರಿಗೆ ಇದು ರೂಢಿ. ಮರಣ ನೋಂದಣಿ 21 ದಿನದೊಳಗೆ. ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಬರೆಸಿ, ಐದಾರು ಪ್ರತಿ ತೆಗೆದುಕೊಳ್ಳಿ.

ಆಮೇಲೆ ಪಿಎಫ್, ಪಿಂಚಣಿ, ಇಡಿಎಲ್‌ಐ ಮೂರಕ್ಕೂ ಮರಣ ಪ್ರಕರಣದ ಒಂದೇ ಕಾಂಪೋಸಿಟ್ ಕ್ಲೇಮ್ ಫಾರ್ಮ್. ಅದರಲ್ಲಿ ಮೂರನ್ನೂ ಟಿಕ್ ಮಾಡಿದ್ದೀರಾ ನೋಡಿ, ಪಿಎಫ್ ಒಂದನ್ನೇ ಗುರುತು ಮಾಡಿ ಇಡಿಎಲ್‌ಐ ಕೇಳದೆ ಬಿಟ್ಟವರಿದ್ದಾರೆ. ಕಂಪನಿ ಪೋರ್ಟಲ್‌ನಲ್ಲಿ ನಿರ್ಗಮನದ ಕಾರಣ "ಡೆತ್ ಇನ್ ಸರ್ವಿಸ್" ಎಂದು, ದಿನಾಂಕ ಮರಣದ ದಿನವೆಂದು ಹಾಕಬೇಕು. ರೂಢಿಯಂತೆ "ಸೆಸೇಶನ್" ಎಂದು ಒತ್ತಿಬಿಟ್ಟರೆ ಇಡಿಎಲ್‌ಐ ಅಲ್ಲೇ ನಿಲ್ಲುತ್ತದೆ.

ಕಂಪನಿ ಇಡಿಎಲ್‌ಐ ಬದಲು ಬೇರೆ ವಿಮೆ ಮಾಡಿಸಿ ವಿನಾಯಿತಿ ಪಡೆದಿದ್ದರೆ ಇಡಿಎಲ್‌ಐ ಹಣ ಪಿಎಫ್ ಕಚೇರಿಯಿಂದ ಬರುವುದಿಲ್ಲ, ಅದರ ಬದಲು ಕಂಪನಿ ಮಾಡಿಸಿದ ವಿಮಾ ಸಂಸ್ಥೆಯಿಂದ ಬರುತ್ತದೆ, ಯೋಜನೆಗಿಂತ ಕಡಿಮೆ ಇರುವಂತಿಲ್ಲ. ಯಾವುದು ಎಂದು ಎಚ್‌ಆರ್‌ಗೆ ಕೇಳುವ ಆ ಮೊದಲ ಇಮೇಲ್‌ನಲ್ಲೇ ಸೇರಿಸಿ.

ಗ್ರೂಪ್‌ಲೈಫ್_ಡೆಸ್ಕ್:
ಗ್ರೂಪ್ ಟರ್ಮ್ ಕ್ಲೇಮಿಗೆ ಚಿಕಿತ್ಸೆಯ ದಾಖಲೆ, ಡಿಸ್ಚಾರ್ಜ್ ಸಮರಿ, ನಾಮಿನಿಯ ಗುರುತಿನ ಚೀಟಿ, ರದ್ದು ಮಾಡಿದ ಚೆಕ್, ಜೊತೆಗೆ ಕಂಪನಿಯಿಂದ ಹಾಜರಿ ಮತ್ತು ರಜೆಯ ವಿವರ ಕೇಳುತ್ತಾರೆ. ಸುಮತಿ ಮೇಡಂ ಹೇಳಿದ ಮಂಜೂರಾದ ರಜೆಯ ಪತ್ರಗಳು ಬೇಕಾಗುವುದು ಇಲ್ಲೇ. ಸಾವಿನ ಕ್ಲೇಮಿಗೆ ವಿಮಾ ನಿಯಂತ್ರಕ ಐಆರ್‌ಡಿಎಐ ಕೊಟ್ಟ ಗಡುವು ತನಿಖೆ ಬೇಡದಿದ್ದರೆ 15 ದಿನ, ತನಿಖೆ ಇದ್ದರೆ 45 ದಿನ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಪಡೆದು ಮೊದಲು ವಿಮಾ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮಾ ದೂರು ವಿಚಾರಿಸುವ ಅಧಿಕಾರಿ), 50 ಲಕ್ಷದವರೆಗಿನ ದೂರು, ಒಂದು ವರ್ಷದೊಳಗೆ. ವಕೀಲರು ಬೇಡ, ಶುಲ್ಕವಿಲ್ಲ, ಗ್ರೂಪ್ ಪಾಲಿಸಿಯ ದೂರನ್ನೂ ತೆಗೆದುಕೊಳ್ಳುತ್ತಾರೆ. ಪಿಎಫ್ ಕಡೆಯ ವಿಳಂಬಕ್ಕೆ ಇಪಿಎಫ್‌ಐಜಿಎಂಎಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.

ಶಾಲಿನಿ_ಪ್ರಶ್ನೆ:
ರಾಜೀನಾಮೆ ಈಗಾಗಲೇ ಕಳಿಸಿ ಆಗಿದ್ದರೆ ಏನಾದರೂ ಮಾಡಬಹುದಾ?

ಸುಮತಿ_ಎಚ್‌ಆರ್:
ಕೊನೆಯ ದಿನ ಇನ್ನೂ ಬಂದಿಲ್ಲವಾದರೆ ಇವತ್ತೇ ವಾಪಸ್ ಪಡೆಯುವ ಪತ್ರ ಇಮೇಲ್ ಮಾಡಿ, ಜೊತೆಗೆ ವೈದ್ಯಕೀಯ ರಜೆಯ ಅರ್ಜಿಯನ್ನೂ ಲಗತ್ತಿಸಿ. ಅಂಗೀಕಾರ ಆಗಿಲ್ಲದಿದ್ದರೆ ಸಾಮಾನ್ಯವಾಗಿ ತೊಡಕಿಲ್ಲ. ಅಂಗೀಕಾರ ಆಗಿದ್ದರೆ ಕಂಪನಿ ಒಪ್ಪಬೇಕು, ಆಗ ವಾಪಸ್ ಪಡೆಯಲು ಬಿಡಿ ಎನ್ನುವುದರ ಜೊತೆಗೆ ಕೊನೆಯ ದಿನಾಂಕ ವಿಸ್ತರಿಸಿ ಎಂದೂ ಕೇಳಿ. ಎರಡನೆಯದಕ್ಕೆ ಒಪ್ಪುವ ಮ್ಯಾನೇಜರ್‌ಗಳು ಹೆಚ್ಚು. ಉತ್ತರ ಬರುವವರೆಗೆ ಪಿಎಫ್ ಫೈನಲ್ ಸೆಟಲ್‌ಮೆಂಟ್, ಫಾರ್ಮ್ 10ಸಿ ಯಾವುದನ್ನೂ ಸಲ್ಲಿಸಬೇಡಿ.